ಅಜ್ಜಿಯ ಹಲ್ಲಿಗೆ ಸಿಕ್ಕ ಸರ್ಕಾರಿ ಮನ್ನಣೆ

ದುರ್ಬಲರ ರಕ್ಷಣಾ ನೋಂದಣಿ ಕಚೇರಿಯ ಮಾನ್ಯ ಅಧಿಕಾರಿಗಳೇ,

ತಮಗೂ, ತಮ್ಮ ಮೊಹರಿಗೂ, ಮೊಹರಿನ ಮಸಿ ಒಣಗುವವರೆಗೆ ಊದುತ್ತಾ ಕೂರುವ ತಮ್ಮ ಗುಮಾಸ್ತರಿಗೂ ನನ್ನ ನಮಸ್ಕಾರಗಳು.

ಮುದುಕರನ್ನೂ ರೋಗಿಗಳನ್ನೂ ಹಿಂಸಿಸಿದವರ ಹೆಸರು ಬರೆದಿಟ್ಟು, ಅಂಥವರು ಮತ್ತೆ ಇವರ ಹತ್ತಿರ ಸುಳಿಯದಂತೆ ತಡೆಯುವ ತಮ್ಮ ನೋಂದಣಿಯಲ್ಲಿ, ಎದ್ದು ನಿಲ್ಲಲೂ ಆಗದ ನನ್ನ ಅಜ್ಜಿಯ ಹೆಸರು ಸೇರಿರುವುದು ನಮ್ಮ ಮನೆತನಕ್ಕೇ ಹೆಮ್ಮೆ. ಇದುವರೆಗೆ ನಮ್ಮಲ್ಲಿ ಯಾರಿಗೂ ಸರ್ಕಾರ ಹೆದರಿದ್ದಿಲ್ಲ.

ಅಜ್ಜಿ ಇದ್ದ ವೃದ್ಧಾಶ್ರಮದ ಆಯಾ, ಬಟ್ಟೆ ಬದಲಿಸುವಾಗಲೆಲ್ಲ ಅಜ್ಜಿಯ ತೋಳು ಚಿವುಟುತ್ತಿದ್ದಳು. ಒಂದು ದಿನ ಅಜ್ಜಿ ಅವಳ ಕೈ ಕಚ್ಚಿದರು. "ನನ್ನ ಎರಡೂ ಕೈ ಅವಳೇ ಹಿಡ್ಕೊಂಡಿದ್ಳು ಕಣೇ, ಬಾಯೊಂದೇ ಖಾಲಿ ಇತ್ತು" ಎನ್ನುತ್ತಾರೆ ಅಜ್ಜಿ. ಮೊದಲು ಬಂದವರು ನೊಂದವರು, ಆಮೇಲೆ ಬಂದವರು ನೋಯಿಸಿದವರು ಎಂಬ ಪದ್ಧತಿ ತಮ್ಮ ಕಚೇರಿಯಲ್ಲಿರುವುದು ನಮಗೆ ತಿಳಿದಿರಲಿಲ್ಲ. ಆಯಾ ಕೈಗೆ ಪಟ್ಟಿ ಸುತ್ತಿಕೊಂಡು ದೂರು ಕೊಡಲು ತಮ್ಮಲ್ಲಿಗೆ ಓಡಿ ಬಂದಳು. ಅಜ್ಜಿ ಬರಲಿಲ್ಲ, ಏಕೆಂದರೆ ಅವರ ಗಾಲಿಕುರ್ಚಿ ತಳ್ಳಬೇಕಾದವಳೂ ಅವಳೇ. ನಾನು ಇಸ್ತ್ರಿ ಅಂಗಡಿ ಮುಚ್ಚಿ ಅಜ್ಜಿಯನ್ನು ಕರೆತರುವಷ್ಟರಲ್ಲಿ ತಮ್ಮ ಗುಮಾಸ್ತರು, "ಲೇಟಾಗಿ ಬಂದ್ರಲ್ಲಮ್ಮಾ, ನೊಂದವರ ಜಾಗ ಆಗ್ಲೇ ಭರ್ತಿ ಆಗೋಯ್ತು" ಎಂದು ಮರುಗಿ, ಉಳಿದಿದ್ದ ಜಾಗವನ್ನು ಅಜ್ಜಿಗೆ ದಯಪಾಲಿಸಿದರು. ನೀಲಿಗಟ್ಟಿದ ಕಲೆ ತೋರಿಸಲು ಅಜ್ಜಿ ಅಂಗಿಯ ತೋಳು ಮೇಲೆತ್ತಿದಾಗ ಆ ಮರ್ಯಾದಸ್ಥರು ಗೋಡೆಯ ಕಡೆ ತಿರುಗಿಕೊಂಡರು.

ಆಶ್ರಮದವರು ಇಂಥ ಅಪಾಯಕಾರಿಯನ್ನು ಆ ಕೂಡಲೇ ಹೊರಗೆ ಕಳುಹಿಸಿದರು. ಈಗ ಅಜ್ಜಿ ದಿನವಿಡೀ ನನ್ನ ಅಂಗಡಿಯಲ್ಲಿ ಕೂರುತ್ತಾರೆ. ಅಂಗಿ ಸುಟ್ಟಿತೆಂದು ಕೂಗಾಡಲು ಬಂದ ಗಿರಾಕಿಗಳು ಅಜ್ಜಿ ಹಲ್ಲು ಬಿಟ್ಟು ನಕ್ಕದ್ದನ್ನು ನೋಡಿ, ತೂತಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆಂದು ಹೊಗಳಿ ಹೋಗುತ್ತಾರೆ.

ಆದರೆ ಒಂದು ತೊಡಕಿದೆ. ತಮ್ಮ ಆದೇಶದಂತೆ ಅಜ್ಜಿ ಯಾವ ಅಶಕ್ತ ಮುದುಕಿಯ ಹತ್ತಿರವೂ ಇರಕೂಡದು, ಅವರೋ ಸ್ವತಃ ಅಶಕ್ತ ಮುದುಕಿ. ಆದ್ದರಿಂದ ಅವರನ್ನು ಅವರಿಂದ ಎಷ್ಟು ದೂರ ಕೂರಿಸಬೇಕೆಂದು ತಾವೇ ಬಂದು ಅಳೆದು ತೋರಿಸಿ, ಇಬ್ಬರ ನಡುವೆ ಒಬ್ಬ ಪೇದೆಯನ್ನು ನಿಲ್ಲಿಸಬೇಕಾಗಿ ಕೋರುತ್ತೇನೆ. ಅದು ಕಷ್ಟವೆನಿಸಿದರೆ ಅಜ್ಜಿಯ ಹೆಸರು ಹೊಡೆದುಹಾಕಿ ಆಯಾಳ ಹೆಸರು ಬರೆಯಬಹುದು. ಮಸಿ ನಾನೇ ತರುತ್ತೇನೆ.

ಕಚ್ಚುವವರ ಮೊಮ್ಮಗಳೂ ತಮ್ಮ ವಿಶ್ವಾಸಿಯೂ ಆದ,
ಇಸ್ತ್ರಿ ಅಂಗಡಿಯವಳು

ಮರೆತ ಮಾತು: ಆ ಆಯಾ ಈಗ ಆಶ್ರಮದಲ್ಲಿ ಅಜ್ಜಿಯ ಪಕ್ಕದ ಮಂಚದಲ್ಲಿದ್ದ ಮುದುಕಮ್ಮನಿಗೆ ಬಟ್ಟೆ ಬದಲಿಸುತ್ತಿದ್ದಾಳೆ. ಸ್ವಲ್ಪ ಬೇಗ ಬನ್ನಿ, ಆ ತಾಯಿಗೆ ಒಂದು ಹಲ್ಲೂ ಇಲ್ಲ.