ಭಾನುವಾರದ ನೀಲಿ ಕಡಲು

ಚಿತ್ರ ಬಿಡಿಸಿ ಸುಮ್ಮನೆ ಇಟ್ಟುಕೊಂಡರೆ ಯಾವ ತೊಂದರೆಯೂ ಇಲ್ಲ. ಇನ್ನೊಬ್ಬರಿಗೆ ತೋರಿಸಿದಿರೋ, ಏನಾದರೊಂದು ಆಗಿಯೇ ಆಗುತ್ತದೆ. ನನಗಂತೂ ಮೂರು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ ಆಯಿತು.

ಎರಡು ಸಾವಿರದ ಇಸವಿಯ ಆಸುಪಾಸು. ಹೊನ್ನಾವರದ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ನಾನು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಭಾನುವಾರ ಮಧ್ಯಾಹ್ನ ಮಾಲೀಕರು ಬೀಗದ ಕೈ ನನಗೆ ಬಿಟ್ಟು ಮನೆಗೆ ಹೋಗುತ್ತಿದ್ದರು. ಆಗ ಕುಮಟೆಯಿಂದ ಒಬ್ಬರು ಡ್ರಾಯಿಂಗ್ ಮಾಸ್ತರರು, ಭಟ್ಕಳದಿಂದ ಒಬ್ಬರು ಟೇಲರ್ ಸಾಹೇಬರು ಜೇಬಿನಲ್ಲಿ ಫ್ಲಾಪಿ ಇಟ್ಟುಕೊಂಡು ಬಸ್ಸಿಳಿಯುತ್ತಿದ್ದರು. ಮೂವರಿಗೂ ಒಂದೇ ಹುಚ್ಚು, ಮೌಸ್ ಹಿಡಿದು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದು. ಇದ್ದದ್ದು ಒಂದೇ ಕಂಪ್ಯೂಟರ್. ಒಬ್ಬೊಬ್ಬರು ಒಂದು ತಾಸು ಬಿಡಿಸುವುದು, ಆಮೇಲೆ ಎಲ್ಲರೂ ಸೇರಿ ಹುಳುಕು ಹುಡುಕುವುದು. ಉಳಿದವರು ಹೇಳಿ ಮುಗಿಸುವ ತನಕ ಚಿತ್ರ ಬಿಡಿಸಿದವರು ಬಾಯಿ ತೆರೆಯಬಾರದು ಎಂಬುದು ನಿಯಮ.

ನಾನು ಬಿಡಿಸುತ್ತಿದ್ದುದು ಒಂದೇ ಚಿತ್ರ. ಶರಾವತಿ ಕಡಲು ಸೇರುವ ಅಳಿವೆ, ಬೆಳಗಿನ ಜಾವ, ಒಳಗೆ ಬರುತ್ತಿರುವ ಒಂದು ಮೀನಿನ ದೋಣಿ. ನನ್ನ ಅಪ್ಪ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿದು ದೋಣಿ ನಡೆಸುವವನು. ಯಾವುದನ್ನೂ ಹೊಗಳುವ ಮನುಷ್ಯನಲ್ಲ. ತೀರಾ ಮೆಚ್ಚಿದರೆ ‘ಆತು’ ಅನ್ನುತ್ತಾನೆ, ಅಷ್ಟೆ. ಆ ಒಂದು ‘ಆತು’ ನನ್ನ ಚಿತ್ರಕ್ಕೆ ಬೇಕಿತ್ತು. ಬೇರೆ ಏನೂ ಬೇಡವಾಗಿತ್ತು.

ಮಾಸ್ತರರ ತೆಂಗಿನ ಮರ

ಮಾಸ್ತರರಿಗೆ ಬಾಯಲ್ಲಿ ಹೇಳಿದರೆ ಸಮಾಧಾನವಿಲ್ಲ, ತಿದ್ದಿ ತೋರಿಸಬೇಕು. ಶಾಲೆಯಲ್ಲಿ ಬಿದ್ದ ಅಭ್ಯಾಸ. ಒಮ್ಮೆ ಸಾಹೇಬರ ಚಿತ್ರ ನೋಡುತ್ತಾ, “ಎಂತ ಮಾರಾಯ್ರೆ, ತೆಂಗಿನ ಮರ ಲೈಟ್ ಕಂಬ ಆಗಿದೆಯಲ್ಲ. ಕಡಲ ಬದಿಗೆ ಬಾಗ್ಬೇಕು” ಎಂದವರು ಜೇಬಿನಿಂದ ಸ್ಕೆಚ್ ಪೆನ್ ತೆಗೆದು ಮಾನಿಟರಿನ ಗಾಜಿನ ಮೇಲೆಯೇ ಬಾಗಿದ ಮರವೊಂದನ್ನು ಬರೆದುಬಿಟ್ಟರು. ಚೆಂದದ ಮರ. ಆದರೆ ಆ ಶಾಯಿ ಒರೆಸಿದರೆ ಹೋಗುವ ಜಾತಿಯದಲ್ಲ. ಸೋಮವಾರ ಲಗ್ನಪತ್ರಿಕೆ ತಿದ್ದಿಸಲು ಬಂದವರು, ಮದುಮಗಳ ಹೆಸರಿನ ಮೇಲೆ ಮರ ಯಾಕೆ ಬೆಳೆದಿದೆ ಎಂದು ಕೇಳಿದರು.

ಮುಂದಿನ ಭಾನುವಾರ ನಾನು ಅಳಿವೆಯ ಚಿತ್ರ ತೆರೆದೆ. ಮಾಸ್ತರರು ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು.

“ಅಲೆಯಲ್ಲಿ ಜೀವ ಇಲ್ಲ. ದೋಣಿಯಲ್ಲೂ ಇಲ್ಲ. ಆದ್ರೆ ಆ ತೆಂಗಿನ ಮರ ಉಂಟಲ್ಲ, ಅದ್ರಲ್ಲಿ ನಿನ್ನ ಕೈ ಪಳಗಿದೆ ನೋಡು.”

ನಿಯಮದ ಪ್ರಕಾರ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಚಿತ್ರದ ಹಿಂಬದಿ

ಸಾಹೇಬರಿಗೆ ಕಸೂತಿ ಬಟ್ಟೆ ಕೈಗೆ ಬಂದರೆ ಮೊದಲು ಮಗುಚಿ ಹಿಂಬದಿ ನೋಡುವುದು ರೂಢಿ. ಕೆಲಸದವರ ಗುಟ್ಟೆಲ್ಲ ಅಲ್ಲಿ ತಿಳಿಯುತ್ತದಂತೆ. ನನ್ನ ಚಿತ್ರ ನೋಡಿದವರೇ, “ಇದರ ಹಿಂದ್ಗಡೆ ಹ್ಯಾಗೆ ನೋಡೂದು ತಂಗಿ?” ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಅವರು ನಂಬಲಿಲ್ಲ. ಎದ್ದು ಮಾನಿಟರಿನ ಹಿಂದೆ ಇಣುಕಿ, ಮೂಗಿನ ತುದಿಗೆ ಧೂಳು ಹತ್ತಿಸಿಕೊಂಡು ಬಂದರು.

ಆಮೇಲೆ ಚಿತ್ರ ದೊಡ್ಡದು ಮಾಡಿಸಿದರು. ಇನ್ನೂ ದೊಡ್ಡದು ಮಾಡಿಸಿದರು. ಕಡಲೆಲ್ಲ ಬರೀ ಚೌಕ ಚೌಕವಾಗಿ, ಒಂದೊಂದೇ ಚೌಕ ಮೆಲ್ಲಗೆ ಸರಿದುಹೋಗತೊಡಗಿತು. ಫ್ಯಾನ್ ತಿರುಗುತ್ತಿತ್ತು. ಕಿಟಕಿಯಿಂದ ಉಪ್ಪುನೀರಿನ ವಾಸನೆ ಬರುತ್ತಿತ್ತು. ಆ ಚೌಕಗಳ ಜೊತೆ ತೇಲುತ್ತಾ ನಾನು ಯಾವಾಗ ನಿದ್ದೆಗೆ ಜಾರಿದೆನೋ ತಿಳಿಯದು. ಅಂಥ ಹಿತವಾದ ವಿಮರ್ಶೆ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

“ಸಿಕ್ತು” ಎಂದರು ಸಾಹೇಬರು. ಎಚ್ಚರಾಯಿತು. “ಎಡಗಡೆಯ ಅಲೆ, ಬಲಗಡೆಯ ಅಲೆ, ಎರಡೂ ಒಂದೇ. ಕತ್ತರಿಸಿ ಎರಡು ಕಡೆ ಹೊಲಿದಿದ್ದೀ.”

ನಿಜವೇ. ಅಲೆ ಬಿಡಿಸಲು ಬೇಸರವಾಗಿ ಕಾಪಿ ಮಾಡಿ ಅಂಟಿಸಿದ್ದೆ.

“ಬೇಜಾರು ಮಾಡ್ಬೇಡ” ಎಂದರು ಸಾಹೇಬರು. “ಬಟ್ಟೆ ಕಮ್ಮಿ ಬಿದ್ರೆ ನಾವೂ ತುಂಡು ಜೋಡಿಸ್ತೇವೆ. ಆದ್ರೆ ಕಂಕುಳಲ್ಲಿ ಜೋಡಿಸೂದು, ಎದುರಿಗೆ ಅಲ್ಲ.”

ಪರದೇಶದ ಮೆಚ್ಚುಗೆ

ನಮ್ಮಂಥ ಹವ್ಯಾಸಿಗಳು ಚಿತ್ರ ಹಾಕುವ ಒಂದು ವೆಬ್‌ಸೈಟ್ ಇತ್ತು. ಟೆಲಿಫೋನ್ ಲೈನಿನಲ್ಲಿ ಒಂದು ಚಿತ್ರ ಹೋಗಿ ಮುಟ್ಟುವಷ್ಟರಲ್ಲಿ ಚಹಾ ಕುಡಿದು, ಅಂಗಡಿ ಕಸ ಗುಡಿಸಿ, ಸ್ವಲ್ಪ ಆಕಳಿಸಿಯೂ ಆಗುತ್ತಿತ್ತು. ನಾವು ಕಳಿಸಿದ್ದು ಮೂರು ಚಿತ್ರ: ಮಾಸ್ತರರ ಧಾರೇಶ್ವರದ ಸೂರ್ಯಾಸ್ತ, ಸಾಹೇಬರ ಬಿರಿಯಾನಿ ತಟ್ಟೆ, ನನ್ನ ಅಳಿವೆ.

ಎಲ್ಲೆಲ್ಲಿಂದಲೋ ಹೊಗಳಿಕೆ ಬಂತು. ಎಂಥ ನೀಲಿ, ಎಂಥ ಕನಸು ಎಂದರು. ನಿಮ್ಮ ಊರಿನ ಸೂರ್ಯನಿಗೆ ಏನು ದುಃಖ ಎಂದು ಒಬ್ಬರು ಕೇಳಿದ್ದರು. ನನಗೆ ಒಬ್ಬ ಹೆಂಗಸು, ‘ನಿನ್ನ ದೋಣಿಯ ಏಕಾಂತ ನೋಡಿ ಅತ್ತುಬಿಟ್ಟೆ’ ಎಂದು ಬರೆದಿದ್ದಳು. ನಮಗೋ ಗೊಂದಲ. ನೀಲಿ ಎಲ್ಲಿದೆ? ನಾವು ಬಳಿದದ್ದು ಒಳ್ಳೆ ಕೇಸರಿ. “ದೊಡ್ಡ ವಿಮರ್ಶಕರು ಹಾಗೇ. ಇಲ್ಲದ್ದೂ ಅವ್ರಿಗೆ ಕಾಣ್ತದೆ” ಎಂದು ಮಾಸ್ತರರು ವಿವರಿಸಿದರು. ಒಂದು ವರ್ಷ ನಾವು ತಲೆ ಎತ್ತಿಕೊಂಡು ಓಡಾಡಿದೆವು.

ಆಮೇಲೆ ತೆಂಗಿನ ಮರದ ಸಮೇತ ಮಾನಿಟರ್ ಸತ್ತಿತು. ಹೊಸದು ಬಂತು. ಚಿತ್ರ ತೆರೆದರೆ ಎಲ್ಲವೂ ನೀಲಿ. ಹಳೆಯ ಮಾನಿಟರ್ ಮುದಿಯಾಗಿ ಎಲ್ಲವನ್ನೂ ಕೆಂಪಾಗಿ ತೋರಿಸುತ್ತಿತ್ತು. ಕೆಂಪು ಜಾಸ್ತಿಯಾಯಿತು ಎಂದು ನಾವು ವಾರ ವಾರ ಆ ಬಣ್ಣ ಇಳಿಸುತ್ತಾ ಬಂದಿದ್ದೆವು.

ಸಾಹೇಬರು ತಮ್ಮ ನೀಲಿ ಬಿರಿಯಾನಿಯನ್ನು ತುಂಬ ಹೊತ್ತು ನೋಡಿ, “ಹೊಗಳಿದವರು ಯಾರೂ ತಿಂದು ನೋಡ್ಲಿಲ್ಲ, ಅದೇ ಪುಣ್ಯ” ಎಂದರು.

ತಾಂಡೇಲನ ಪರೀಕ್ಷೆ

ಆ ಮಳೆಗಾಲ ದೋಣಿಗಳೆಲ್ಲ ದಡ ಹತ್ತಿದ ಮೇಲೆ, ಕೈಕಾಲು ಹಿಡಿದು ಅಪ್ಪನನ್ನು ಅಂಗಡಿಗೆ ಕರೆತಂದೆ. ಅಪ್ಪ ಕೊಡೆ ಮಡಚಿ, ಕೈಕಟ್ಟಿ, ನಿಂತೇ ನೋಡಿದ.

“ಬೆಳಿಗ್ಗೆ ಗಾಳಿ ಗುಡ್ಡದಿಂದ ಕಡಲಿಗೆ. ಬಾವುಟ ಉಲ್ಟಾ ಹಾರ್ತದೆ” ಎಂದು ಹೊರಟುಹೋದ.

ಬಾವುಟ ತಿರುಗಿಸಿದೆ. ಮುಂದಿನ ವಾರ ಮತ್ತೆ ಬಂದ. “ಮೀನು ತುಂಬಿದ ದೋಣಿ ಇಷ್ಟು ಮೇಲೆ ತೇಲೂದಿಲ್ಲ.” ದೋಣಿಯನ್ನು ನೀರಿಗಿಳಿಸಿದೆ. ಮೂರನೆಯ ವಾರ ತಾನಾಗಿಯೇ ಬಂದ. ಮಾಸ್ತರರು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

“ಬಣ್ಣ ತಪ್ಪಾಗಿದೆ ಅಪ್ಪಾ. ಸರಿ ಮಾಡ್ತೆ” ಎಂದೆ, ನಿಯಮ ಮುರಿದು.

“ಬಣ್ಣ ಮುಟ್ಬೇಡ” ಎಂದ ಅಪ್ಪ. “ಸೂರ್ಯ ಗುಡ್ಡ ಹತ್ತೂಕೆ ಮುಂಚೆ ಅಳಿವೆ ಹಿಂಗೇ ಇರ್ತದೆ. ನೀ ಯಾವಾಗ ಕಂಡೆ?”

ನಾನು ಕಂಡೇ ಇರಲಿಲ್ಲ. ಆ ಹೊತ್ತಿನಲ್ಲಿ ನಾನು ಚಾಪೆಯ ಮೇಲೆ ಕಣ್ಣುಮುಚ್ಚಿ, ಅಪ್ಪನ ದೋಣಿಯ ಮೋಟಾರಿನ ಸದ್ದಿಗೆ ಕಾಯುತ್ತಿರುತ್ತಿದ್ದೆ. ಸದ್ದು ಕೇಳಿದರೆ ಸಾಕು, ಮತ್ತೆ ನಿದ್ದೆ. ಚಿತ್ರ ಬಂದದ್ದು ಆ ನಿದ್ದೆಯೊಳಗಿಂದ. ಇದನ್ನು ಅಪ್ಪನಿಗೆ ಹೇಳಬೇಕೆಂದು ಬಾಯಿ ತೆರೆದೆ.

ಅಪ್ಪ ಗಾಜಿನ ಹತ್ತಿರ ಬಗ್ಗಿದ. “ಗಾಳಿ ಸಮ ಆಯ್ತು. ನೀರೂ ಸಮ. ಆದ್ರೆ ನಾ ಎಲ್ಲಿ?”

ಎಲ್ಲರೂ ಬಗ್ಗಿ ನೋಡಿದೆವು. ದೋಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೂರು ವರ್ಷದಿಂದ ಅದು ತನ್ನಷ್ಟಕ್ಕೆ ತಾನೇ ಅಳಿವೆ ದಾಟುತ್ತಿತ್ತು. ಚೌಕ ಚೌಕ ಎಣಿಸಿದ ಸಾಹೇಬರಿಗೂ ಕಂಡಿರಲಿಲ್ಲ. ಪರದೇಶದ ಹೆಂಗಸು ಅತ್ತದ್ದು ಯಾಕೆಂದು ಆಗ ತಿಳಿಯಿತು.

ಚಿತ್ರ ದೊಡ್ಡದು ಮಾಡಿ, ಚುಕ್ಕಾಣಿಯ ಹತ್ತಿರ ಐದು ಕಪ್ಪು ಚೌಕ ಇಟ್ಟೆ. ತಲೆಗೆ ಒಂದು, ಮೈಗೆ ಎರಡು, ಕಾಲಿಗೆ ಎರಡು. ಮತ್ತೆ ಚಿಕ್ಕದು ಮಾಡಿದರೆ, ಆ ನೀಲಿಯ ನಡುವೆ ಅಪ್ಪ ನಿಂತಿದ್ದ. ಸಾಹೇಬರು, “ಹೋಲಿಕೆ ಉಂಟು” ಎಂದರು. ಮಾಸ್ತರರ ಕೈ ಸ್ಕೆಚ್ ಪೆನ್ನಿನ ಜೇಬಿಗೆ ಹೋಯಿತು, ನಾನು ಹಿಡಿದುಕೊಂಡೆ.

ಅಪ್ಪ ಐದೂ ಚೌಕಗಳನ್ನು ಹಿಂದೆ ಸರಿದು ನೋಡಿದ, ಮುಂದೆ ಬಂದು ನೋಡಿದ.

“ಹೊಟ್ಟೆ ಸ್ವಲ್ಪ ಕಮ್ಮಿ ಮಾಡು” ಎಂದ.

ಮೈಯ ಒಂದು ಚೌಕ ತೆಗೆದೆ.

“ಆತು” ಎಂದ.