ಅನಂತರಾಜು ಬೀಗರೂಟಕ್ಕೆ ಹೋದದ್ದು

ಇಷ್ಟಕ್ಕೆಲ್ಲ ಕಾರಣ ಡಾಕ್ಟರು ಆಡಿದ ಒಂದೇ ಮಾತು. ಅನಂತರಾಜುವಿನ ಪಿತ್ತಕೋಶವನ್ನು ಕಲ್ಲಿನ ಸಮೇತ ತೆಗೆದು, ಹೊಟ್ಟೆ ಹೊಲಿದು ಮನೆಗೆ ಕಳಿಸುವಾಗ ಅವರು, "ಏನು ತಿಂದರೂ ಚೆನ್ನಾಗಿ ಅಗಿದು ತಿನ್ನಬೇಕು" ಎಂದಿದ್ದರು. ಡಾಕ್ಟರು ಮಂಗಳೂರು ಕಡೆಯವರು. ಕನಕಪುರದಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿಗದ್ದಿ ನುಂಗುತ್ತಾರೆ ಎಂಬುದು ಅವರಿಗೇನು ಗೊತ್ತು? ಹೆಂಡತಿ ಭಾನುಪ್ರಿಯ ಬಸ್ಸಿನಲ್ಲೇ ತೀರ್ಮಾನಿಸಿದಳು: ಮುದ್ದೆ ಬಂದ್. ಮುದ್ದೆಯೇ ಇಲ್ಲದ ಮೇಲೆ ಬಾಡೇಕೆ?

ಅಂದಿನಿಂದ ಬರೀ ಗಂಜಿ. "ಗಂಜೀನ ಯಾವ ಹಲ್ಲಲ್ಲಿ ಅಗೀತಾರೆ?" ಎಂದು ಕೇಳಿದ್ದಕ್ಕೆ, "ಬಾಯ್ಮುಚ್ಕೊಂಡು ಕುಡೀರಿ" ಎಂಬ ಉತ್ತರ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡು ಹೇಗೆ ಕುಡಿಯುವುದೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಇವತ್ತು ಬೀದಿಯ ಕೊನೆಯಲ್ಲಿ ಕೆಂಚಮ್ಮನ ಮಗನ ಬೀಗರೂಟ. ಮಸಾಲೆಯ ಘಮ ಕರೆಯದೆ ಬಂದ ನೆಂಟನ ಹಾಗೆ ಒಳನುಗ್ಗಿ ಅವನ ಪಕ್ಕದಲ್ಲೇ ಕೂತಿತ್ತು. ಭಾನುಪ್ರಿಯ ಗಂಜಿ ಮುಚ್ಚಿಟ್ಟು ಬಡಿಸಲು ಹೋಗಿದ್ದಳು. ಪಕ್ಕದ ಮನೆಯ ತಾಜ್ ಪಾಷಾ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ.

"ಪಾಷಾ, ನಿಮ್ಮನೇಲಾದ್ರೂ ಒಂದ್ ತುಂಡು..."

"ಏನ್ ತುಂಡ್ಲಾ? ಘಮ ಗೋಡೆ ದಾಟಿ ನಿನ್ ಹೊಟ್ಟೆಗೆ ಹೋಯ್ತದೆ ಅಂತ ನಮ್ಮನೆಯೋಳು ಸಾಬಿರಾ ಮಸಾಲೆ ಅರೆಯೋದೇ ನಿಲ್ಸವ್ಳೆ. ನಿನ್ ಆಪರೇಶನ್ನಿಗೆ ನಾನೂ ಸೊಪ್ಪು ತಿಂತಾ ಇವ್ನಿ!"

ಇಡೀ ಬೀದಿಯೇ ಆಸ್ಪತ್ರೆಯಾಗಿತ್ತು. ಅನಂತರಾಜು ತಲೆಗೆ ಟವಲ್ ಸುತ್ತಿ, ಒಂದು ಕೈಯಲ್ಲಿ ಹೊಲಿಗೆ ಹಿಡಿದುಕೊಂಡು, ಬೆಣ್ಣೆ ಕದಿಯಲು ಹೊರಟ ಬಸುರಿ ಬೆಕ್ಕಿನಂತೆ ಗೋಡೆ ಸವರಿಕೊಂಡು ಹೋಗಿ ಶಾಮಿಯಾನದ ಕೊನೆಯ ಸಾಲಿನಲ್ಲಿ ಕೂತ. ಎಲೆ ಬಂತು. ಹೊಗೆಯಾಡುವ ಮುದ್ದೆ ಬಂತು. ಮೇಲೆ ಸಾರು, ಅದರೊಳಗಿಂದ ಇಣುಕುವ ಒಂದು ಮೂಳೆ. ಅವನ ಕಣ್ಣು ತುಂಬಿತು.

"ಅಯ್ಯಯ್ಯೋ! ಹೊಟ್ಟೆ ಕುಯ್ಸ್ಕೊಂಡೋನು ಬಾಡೂಟಕ್ಕೆ ಕೂತವ್ನಲ್ರಪ್ಪೋ!"

ಈರುಳ್ಳಿ ಬಡಿಸುತ್ತಿದ್ದ ಎದುರು ಮನೆಯ ಮುನಿರತ್ನಮ್ಮ. ಕೂಗುವುದರೊಳಗೆ ಎಲೆ ಮಡಚಿ ಎತ್ತಿಕೊಂಡೂ ಆಗಿತ್ತು.

"ಅಕ್ಕಾ, ಒಸಿ ತಿಂತೀನಿ. ಬೇಕಾದ್ರೆ ಅಗೀತೀನಿ!"

"ಮುದ್ದೆ ಅಗೀತಾನಂತೆ! ಅರ್ಧ ವಯಸ್ಸು ಕಳದವ್ನೆ, ಹಸುಗೂಸಾ ಇವ್ನು?"

ಸಾಲಿನವರು ಗೊಳ್ಳೆಂದರು. "ಒಂದ್ ತುತ್ತು ಬುಡವ್ವ" ಎಂದರು ಕೆಲವರು. "ಹೊಲಿಗೆ ಬಿಚ್ಚೋದ್ರೆ ನೀನ್ ಹೊಲೀತೀಯಾ?" ಎಂದರು ಉಳಿದವರು. ಅಷ್ಟರಲ್ಲಿ ಯಾರೋ, "ಡಾಕ್ಟ್ರು ಇಲ್ಲೇ ಅವ್ರಲ್ಲ, ಅವರ್ನೇ ಕೇಳ್ರಿ" ಎಂದರು.

ನಿಜ. ಕೆಂಚಮ್ಮನ ಸಕ್ಕರೆ ಕಾಯಿಲೆ ನೋಡುತ್ತಿದ್ದವರೂ ಅವರೇ ಆದ್ದರಿಂದ ಡಾಕ್ಟರೂ ಊಟಕ್ಕೆ ಬಂದು, ಅನಂತರಾಜುವಿನಿಂದ ಮೂರನೇ ಎಲೆಯಲ್ಲೇ ಕೂತಿದ್ದರು. ಆದರೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅವರು ಮುದ್ದೆ ಅಗಿಯುತ್ತಿದ್ದರು. ಅದು ಅಂಗುಳಿಗೆ ಮೆತ್ತಿಕೊಂಡು, ಹಲ್ಲಿಗೆ ಹಲ್ಲು ಅಂಟಿ, ಕಣ್ಣಷ್ಟೇ ಆಡುತ್ತಿತ್ತು. ಸಾಲಿಗೆ ಸಾಲೇ ಕೈ ನಿಲ್ಲಿಸಿ ಆ ಬಾಯಿ ನೋಡುತ್ತ ಕಾದು ಕೂತಿತು.

ಕಡೆಗೆ ಒಂದು ಲೋಟ ನೀರಿನೊಂದಿಗೆ ತೀರ್ಪು ಬಂತು. "ಅಗಿಯಿರಿ ಅಂದದ್ದು ಅವಸರ ಬೇಡ ಅಂತ ಮಾರಾಯ್ರೆ! ಮುದ್ದೆ ಮೆತ್ತಗುಂಟಲ್ಲ, ಸ್ವಲ್ಪ ಸ್ವಲ್ಪ ತಿನ್ನಿ. ಕೊಬ್ಬು, ಖಾರ ಕಡಿಮೆ ಇರಲಿ. ಎರಡು ತುಂಡು ಮಾಂಸಕ್ಕೂ ತೊಂದರೆ ಇಲ್ಲ."

ಸಾಲು ಹೋ ಎಂದಿತು. ಹೊಸ ಎಲೆ ಬಂತು. ಮುನಿರತ್ನಮ್ಮನೇ ಕೊಬ್ಬಿಲ್ಲದ ತುಂಡು ಆರಿಸಿ ಹಾಕಿದಳು. ಅನಂತರಾಜು ತುತ್ತು ಮುರಿದು, ಅದ್ದಿ, ಬಾಯಿಯವರೆಗೆ ತಂದ. ಸಾರಿನ ಬಕೆಟ್ ಕೆಳಗಿಟ್ಟು ಓಡಿ ಬಂದ ಭಾನುಪ್ರಿಯ ಅವನ ಮಣಿಕಟ್ಟು ಹಿಡಿದಳು.

"ರೀ, ಬ್ಯಾಡಿ! ಹರಕೆ ಐತೆ!"

"ಯಾವ ಹರ್ಕೆನೇ?"

"ನಿಮ್ಮುನ್ನ ಆಪರೇಶನ್ನಿಗೆ ಒಳಕ್ಕೆ ಕರ್ಕೊಂಡೋದಾಗ ಹೊತ್ಕೊಂಡೆ. ನೀವು ಉಳುದ್ರೆ, ನೀವೇ ಸಾವನದುರ್ಗ ಹತ್ತಿ ತುದೀಲಿರೋ ಬಸವಣ್ಣನ್ನ ಮುಟ್ಟೋವರ್ಗೂ ಮುದ್ದೆ-ಬಾಡು ಮುಟ್ಟಕ್ಕಿಲ್ಲ ಅಂತ."

"ಮೊದ್ಲೇ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ಹೊಲಿಗೆ ಸಮೇತ ಓಡೋಗ್ತಿದ್ರಿ. ಡಾಕ್ಟ್ರ ಮಾತು ಹೆಂಗೂ ಸಿಕ್ತಲ್ಲ, ಅದ್ನೇ ಹೇಳ್ದೆ."

"ನಾಳೇನೇ ಹತ್ತಿ ಬತ್ತೀನಿ!"

ಡಾಕ್ಟರ ಬಾಯಿ ಈಗ ಖಾಲಿಯಿತ್ತು. "ಬೆಟ್ಟವಾ? ಒಳಗಿನ ಗಾಯ ಗಟ್ಟಿಯಾಗಬೇಕು. ಈ ವರ್ಷ ಅದರ ಯೋಚನೆಯೂ ಬೇಡ."

ತುತ್ತು ಎಲೆಗೆ ಮರಳಿತು.

ಮನೆಗೆ ಬಂದ ಭಾನುಪ್ರಿಯ ಗಂಜಿಯನ್ನು ಎರಡು ಬಟ್ಟಲಿಗೆ ಬಗ್ಗಿಸಿದಳು.

"ನೀನಾದ್ರೂ ಉಂಡ್ಕೊಂಡ್ ಬರ್ಬೋದಿತ್ತಲ್ಲೇ?"

"ಹರಕೆ ಇಬ್ಬುರ್ಗೂ ಸೇರ್ಸಿ ಹೊತ್ತಿವ್ನಿ. ನನ್ನೊಬ್ಳಿಗೆ ಯಾವ ಬಾಡು ರುಚಿಸ್ತದೆ?"

ಅನಂತರಾಜು ಬಟ್ಟಲು ಎತ್ತಿಕೊಂಡ. ಕೈಗೆ ಅಂಟಿದ ಸಾರಿನ ಘಮ ಇನ್ನೂ ಹೋಗಿರಲಿಲ್ಲ. ಗಂಜಿಗೆ ಉಪ್ಪು ಕಮ್ಮಿಯಿತ್ತು. ಅವಳ ಎದುರು ಕೂತು, ನಿಧಾನವಾಗಿ ಅಗಿದು ಅಗಿದು ಕುಡಿದ.