ಸರ್ಕಾರಿ ಚಕ್ರವನ್ನು ಸ್ವಂತ ಕೈಯಿಂದ ನೆಟ್ಟಗೆ ಮಾಡುವುದನ್ನು ನಿಷೇಧಿಸಿ

ಕಿಶ್‌ಮೆಜೊ ವಲಯ ಅಂಚೆ ಕಾರ್ಯಾಲಯ, ಬೈಸಿಕಲ್ ಶಾಖೆ
ಸಂಖ್ಯೆ: ಕಿ.ಅಂ/ಬೈ.ಶಾ/ಚಕ್ರ/41/1978
ದಿನಾಂಕ: 14.03.1978

ವಿಷಯ: ಚಕ್ರಗಳ ಬಾಳಿಕೆ ಹಾಗೂ ಸಿಬ್ಬಂದಿ ರಿಪೇರಿ ಕಲಿಯುತ್ತಿರುವ ಬಗ್ಗೆ.

ಉಲ್ಲೇಖ: ಉಗ್ರಾಣಾಧಿಕಾರಿಗಳ ಬಾಳಿಕೆ ಪ್ರಮಾಣಪತ್ರ.

ಉಗ್ರಾಣದ ಕೊಕ್ಕೆಗೆ ತೂಗುಹಾಕಿ, ಒಂದು ಬೆರಳಿನಿಂದ ತಿರುಗಿಸಿ ಪರೀಕ್ಷಿಸಲಾದ ಪ್ರತಿ ಚಕ್ರವೂ ಹತ್ತು ವರ್ಷ ಬಾಳತಕ್ಕದ್ದೆಂದು ಈಗಾಗಲೇ ಆದೇಶಿಸಲಾಗಿದೆ. ಹೀಗಿದ್ದೂ ಹನ್ನೆರಡರಲ್ಲಿ ಹನ್ನೊಂದು ಸೈಕಲ್‌ಗಳ ಚಕ್ರಗಳು ಮೊದಲ ಚಳಿಗಾಲದಲ್ಲೇ ಸೊಟ್ಟಗಾಗಿರುವುದು ಅಶಿಸ್ತು. ಹನ್ನೆರಡನೆಯದು, ಅಂಚೆ ಪೇದೆ ಶ್ರೀಮತಿ ಸಾಂತೊ ಎಟೆಲ್ಕಾ ಅವರದು, ಇನ್ನೂ ನೆಟ್ಟಗಿರುವುದು ಅದಕ್ಕಿಂತ ಗಂಭೀರ. ಸದರಿಯವರು ಪ್ರತಿ ಸೋಮವಾರ ತಾವೇ ಚಕ್ರದ ಕಡ್ಡಿ ಬಿಗಿಸುವುದು ವಿಚಾರಣೆಯಲ್ಲಿ ಸಾಬೀತಾಗಿದೆ. ಆದ್ದರಿಂದ:

1. ಚಕ್ರ ಸೊಟ್ಟಗಿದೆಯೇ ಎಂಬುದನ್ನು ಕಣ್ಣಿನಿಂದ ನಿರ್ಧರಿಸಕೂಡದು. ಪ್ರಮಾಣಪತ್ರ ನೋಡತಕ್ಕದ್ದು.

2. ಕಡ್ಡಿ ಮೀಟಿ, ನಾದ ಕೇಳಿ ಬಿಗಿ ತಿಳಿಯುವುದು ಕರ್ತವ್ಯದ ವೇಳೆ ಸಿತೆರಾ ತಂತಿವಾದ್ಯ ನುಡಿಸಿದ್ದಕ್ಕೆ ಸಮ. ಮೀಟುವ ಮುನ್ನ ಹಾಡಿನ ಹೆಸರನ್ನು ಮೂರು ಪ್ರತಿಗಳಲ್ಲಿ ಸಂಸ್ಕೃತಿ ಶಾಖೆಗೆ ಸಲ್ಲಿಸತಕ್ಕದ್ದು.

3. ಚೈನಿನ ಕಿರುಗುಟ್ಟುವಿಕೆಯು ಊರಾಚೆಯ ಒಂಟಿ ಹೊಲಮನೆಗಳ ನಾಯಿಗಳಿಗೆ ಇಲಾಖೆ ನೀಡುವ ಅಧಿಕೃತ ಮುನ್ಸೂಚನೆ. ಎಣ್ಣೆಯನ್ನಾಗಲಿ ಹಂದಿಕೊಬ್ಬನ್ನಾಗಲಿ ಹಾಕಿ ಅದನ್ನು ಅಡಗಿಸಕೂಡದು. ಹಂದಿಕೊಬ್ಬನ್ನು ಬ್ರೆಡ್ಡಿಗೆ ಮಾತ್ರ ಸವರತಕ್ಕದ್ದು.

4. ವಿಚಾರಣೆಯಲ್ಲಿ ಶ್ರೀಮತಿ ಎಟೆಲ್ಕಾ, "ಚಕ್ರಕ್ಕೆ ಓದೋಕೆ ಬರಲ್ಲ ಸಾರ್, ನಿಮ್ಮ ಸರ್ಟಿಫಿಕೇಟ್ ನೋಡಿ ಹೆದರ್ಕೊಂಡು ನೆಟ್ಟಗಾಗತ್ತಾ? ಬನ್ನಿ, ಅರ್ಧ ಗಂಟೇಲಿ ಕಲಿಸ್ತೀನಿ" ಎಂದಿರುತ್ತಾರೆ. ಹಿರಿಯ ಪೇದೆ ಗಾಲಂಬ್ ಬೇನಿ, "ಕಲೀರಿ ಸಾರ್, ಆ ಕಡ್ಡಿ ಬಿಗಿಸೋ ಕೀಲಿ ನಿಮ್ಮ ಮೊಹರಿಗಿಂತ ಹಗುರ" ಎಂದು ನಕ್ಕಿರುತ್ತಾರೆ. ನಗುವನ್ನು ಕಡತಕ್ಕೆ ಸೇರಿಸಲಾಗಿದೆ. ಅಧಿಕಾರಿಗಳಿಗೆ ಕಲಿಸಲು ಮುಂದಾಗುವುದನ್ನು ಇನ್ನು ಮುಂದೆ ದುರ್ನಡತೆ ಎಂದು ಪರಿಗಣಿಸಲಾಗುವುದು.

5. ಸಮಾನತೆಯ ದೃಷ್ಟಿಯಿಂದ ಶ್ರೀಮತಿ ಎಟೆಲ್ಕಾ ಅವರ ಚಕ್ರಗಳನ್ನು ಉಳಿದವುಗಳಷ್ಟೇ ಸೊಟ್ಟಗೊಳಿಸತಕ್ಕದ್ದು. ಹದಿನೇಳು ವರ್ಷ ತುಳಿದ ಹೊಲಮನೆ ಮಾರ್ಗದಿಂದ ಅವರನ್ನು ಬಿಡಿಸಿ ಮೊಹರು ಒತ್ತುವ ಮೇಜಿಗೆ ನೇಮಿಸಲಾಗಿದೆ. "ಬೇರೆ ಏನು ಶಿಕ್ಷೆ ಬೇಕಾದ್ರೂ ಕೊಡಿ, ನನ್ನ ದಾರಿ ಮಾತ್ರ ಕಿತ್ಕೋಬೇಡಿ" ಎಂಬ ಅವರ ಮನವಿಯು ನಿಗದಿತ ನಮೂನೆಯಲ್ಲಿ ಇಲ್ಲದ್ದರಿಂದ ತಿರಸ್ಕೃತವಾಗಿದೆ.

(ಸಹಿ)
ಮೇಲ್ವಿಚಾರಕರು, ಬೈಸಿಕಲ್ ಶಾಖೆ
(ಬೈಸಿಕಲ್ ತುಳಿಯುವುದರಿಂದ ವಿನಾಯಿತಿ ಪಡೆದವರು)

ಪ್ರತಿಗಳು:
1. ಉಗ್ರಾಣಾಧಿಕಾರಿಗಳಿಗೆ, ಕೊಕ್ಕೆಯ ಪಕ್ಕ ಅಂಟಿಸಲು.
2. ಸಂಸ್ಕೃತಿ ಶಾಖೆಗೆ, ಅನುಮತಿಸಬಹುದಾದ ಹಾಡುಗಳ ಪಟ್ಟಿಗಾಗಿ.
3. ಹೊಲಮನೆ ಮಾರ್ಗದ ಒಂಬತ್ತು ಉಪ ಅಂಚೆ ಕಚೇರಿಗಳಿಗೆ. ಬೇರಾವ ಸೈಕಲ್ಲೂ ಅಲ್ಲಿಯವರೆಗೆ ಹೋಗಲಾರದ ಕಾರಣ ಶ್ರೀಮತಿ ಎಟೆಲ್ಕಾ ಅವರ ಮೂಲಕ. ಈ ಸುತ್ತೋಲೆಗೆ ದಿನಕ್ಕೊಂದು ತಿದ್ದುಪಡಿ ಹೊರಡಬೇಕಾಗಿರುವುದರಿಂದ ಹಾಗೂ ಅವನ್ನೂ ಸದರಿಯವರೇ ಒಯ್ಯಬೇಕಾಗಿರುವುದರಿಂದ, ಕೊನೆಯ ತಿದ್ದುಪಡಿ ತಲುಪುವ ತನಕ ಕಲಂ 5ನ್ನು ತಡೆಹಿಡಿಯಲಾಗಿದೆ.